ಬೆಳಗಿದ ಚಾಕು

ಹೇಳಿಬಿಡಬೇಕು, ಮುಂದಿನ ಎಕ್ಸಿಟ್ ಬರುವುದರೊಳಗೆ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ದ್ವಾರಕಾನಾಥ ಆ ಎಕ್ಸಿಟ್ಟನ್ನೂ ಅದರ ಮುಂದಿನದನ್ನೂ ದಾಟಿಬಿಟ್ಟ. ಕಾರಿನ ಪಕ್ಕದ ಸೀಟಿನಲ್ಲಿ ಹೆಂಡತಿ ವತ್ಸಲಾ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಅವನ ಹಳೆಯ ಕೋಟು ಹಾಕಿಕೊಂಡು ಕೂತಿದ್ದಳು. ಅವಳ ತೊಡೆಯ ಮೇಲೆ ಹಸಿರು ರವಿಕೆ ಕಣದಲ್ಲಿ ಸುತ್ತಿದ ಒಂದು ಚಾಕು, ಅದರ ಮೇಲೊಂದು ಒಬ್ಬಟ್ಟಿನ ಡಬ್ಬಿ. ಚಾಕು ಅವನದಲ್ಲ, ಡೆಟ್ರಾಯಿಟಿಗೆ ಅಂಟಿಕೊಂಡ ಹ್ಯಾಮ್‌ಟ್ರಾಮಿಕ್‌ನಲ್ಲಿರುವ ಗ್ರಬೊವ್ಸ್ಕಿ ಎಂಬ ಮುದುಕನದು. ಫೋಟೋ ತೆಗೆದುಕೊಳ್ಳುತ್ತೇನೆಂದು ಒಂದು ವಾರಕ್ಕೆ ಕೇಳಿ ತಂದಿದ್ದ, ಇವತ್ತು ಭಾನುವಾರ, ವಾಪಸು ಕೊಡಬೇಕು. ಕೊಡುವುದೇನು ಮಹಾ, ಕೊಟ್ಟರಾಯಿತು. ಆದರೆ ತಂದದ್ದು ಕರ್ರಗಿನ ಚಾಕು, ಕೊಡಲು ಹೊರಟಿರುವುದು ದೇವರ ಮನೆಯ ದೀಪದಂತೆ ಥಳಥಳ ಹೊಳೆಯುವ ಚಾಕು. ಐವತ್ತೈದು ವರ್ಷದ ಕಪ್ಪನ್ನು ವತ್ಸಲಾ ಆಯುಧಪೂಜೆಯ ಬೆಳಿಗ್ಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ತೆಗೆದುಬಿಟ್ಟಿದ್ದಳು. ಇಂಥ ಚಾಕುವಿಗೆ, ಅದು ಹಳೆಯದೆನ್ನಲು ಸಾಕ್ಷಿಯಾದ ಆ ಕಪ್ಪೇ ಪ್ರಾಣ, ಅದು ಹೋದರೆ ಎಲ್ಲ ಹೋದಂತೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಗೊತ್ತಿದ್ದ ಮಹಾನುಭಾವ ಶುಕ್ರವಾರದಿಂದ ಬಾಯಿ ಬಿಟ್ಟಿಲ್ಲ.

"ಬಿಚ್ಚಿ ನೋಡಿದಾಗ ಅವರ ಮುಖ ಹೇಗಾಗತ್ತೋ, ಅದನ್ನ ನಾನು ನೋಡ್ಬೇಕು ರೀ" ಎಂದಳು ವತ್ಸಲಾ. ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. ಅವನು ಕನ್ನಡಿ ನೋಡಿ ಲೇನ್ ಬದಲಾಯಿಸಿದ. ಬದಲಾಯಿಸುವ ಅಗತ್ಯವೇನೂ ಇರಲಿಲ್ಲ, ಭಾನುವಾರದ ಲಾಡ್ಜ್ ಫ್ರೀವೇ ಬಟಾಬಯಲಾಗಿ ಬಿದ್ದಿತ್ತು. ಮೂರು ವರ್ಷದಿಂದ ಅವಳನ್ನು ಗ್ರಬೊವ್ಸ್ಕಿಯ ಮನೆಗೆ ಕರೆದುಕೊಂಡು ಹೋಗದವನು ಇವತ್ತು ಬೇಡ ಎನ್ನುವುದಕ್ಕೆ ಯಾವ ನೆಪ ಹೇಳಬೇಕಿತ್ತು? ತಲೆನೋವು ಎನ್ನಬಹುದಿತ್ತು. ಅದನ್ನೂ ಹೇಳಲಿಲ್ಲ. ಅವಳು ಕನ್ನಡಿಯ ಮುಂದೆ ನಿಂತು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತು, ಕಾರಿನ ಕೀಲಿಕೈಯನ್ನು ಬೆರಳಿಗೆ ಹಾಕಿಕೊಂಡು ತಿರುಗಿಸುತ್ತ, ಕಾಯುತ್ತ ನಿಂತಿದ್ದ.

ಅವನಿಗೆ ಚಾಕುಗಳ ಹುಚ್ಚು ಹಿಡಿದದ್ದು ಆನ್ ಆರ್ಬರಿನಲ್ಲಿ ಓದುತ್ತಿದ್ದಾಗ. ಹುಚ್ಚು ಎಂದರೆ ಹುಚ್ಚೇ, ಬೇರೆ ಹೆಸರು ಬೇಡ. ಲೋಹಶಾಸ್ತ್ರದ ವಿದ್ಯಾರ್ಥಿ, ಮಾತಾಡಲು ನರಪಿಳ್ಳೆಯೂ ಇಲ್ಲದ ಶನಿವಾರ, ಸೇನೆಯ ಹಳೆ ಸಾಮಾನು ಮಾರುವ ಅಂಗಡಿಗೆ ಚಳಿಗೆ ಬೂಟು ಹುಡುಕಿಕೊಂಡು ಹೋಗಿದ್ದ. ಗಾಜಿನ ಪೆಟ್ಟಿಗೆಯಲ್ಲಿ ಎರಡನೆಯ ಯುದ್ಧದ ಒಂದು ಟ್ರೆಂಚ್ ಚಾಕು ಇತ್ತು. ಅದರ ಅಲಗನ್ನು ಎಷ್ಟು ಕಾಯಿಸಿ ಹದ ಮಾಡಿರಬಹುದು ಎಂದು ಸುಮ್ಮನೆ ಬಾಯಿ ಮಾತಿಗೆ ಕೇಳಿದ್ದಕ್ಕೆ ಅಂಗಡಿಯವನೂ ಅಲ್ಲಿದ್ದ ಇನ್ನಿಬ್ಬರೂ ಮುಕ್ಕಾಲು ಗಂಟೆ ಅವನ ಜೊತೆ ಮಾತಾಡಿದರು. ಅಮೆರಿಕೆಗೆ ಬಂದ ಮೇಲೆ ಅವನ ಜೊತೆ ಯಾರೂ ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿರಲಿಲ್ಲ. ಮಾತಿನ ಆಸೆಗೆ ಆ ಚಾಕು ಕೊಂಡ, ಮತ್ತೂ ಮಾತು ಬೇಕಾಗಿ ಇನ್ನೊಂದು ಕೊಂಡ. ಮೊದಲ ಮಹಾಯುದ್ಧದಲ್ಲಿ ಮಣ್ಣಿನ ಕಂದಕದೊಳಗೆ ಬಂದೂಕು ತಿರುಗಿಸಲೂ ಜಾಗವಿಲ್ಲದೆ ಮನುಷ್ಯರು ಮೈಗೆ ಮೈ ತಾಗಿಸಿಕೊಂಡು ಹೊಡೆದಾಡಿದ್ದು. ಅದಕ್ಕೆಂದು ಮೊದಲು ಮೂರು ಮೂಲೆಯ ಅಲಗಿನ, ಬರೀ ಚುಚ್ಚಲು ಬರುವ ಚಾಕು ಮಾಡಿದ್ದು. ಅದು ಪಟ್ಟನೆ ಮುರಿಯುತ್ತದೆಂದು ಗೊತ್ತಾಗಿ ಎರಡು ಬಾಯಿಯ ಚಾಕು ಮಾಡಿ, ಹಿಡಿಗೆ ನಾಲ್ಕು ಬೆರಳು ತೂರಿಸುವ ಲೋಹದ ಬಳೆಗಳನ್ನು ಸೇರಿಸಿ ಎರಕ ಹೊಯ್ದದ್ದು, ಚುಚ್ಚಲಾಗದಿದ್ದರೆ ಗುದ್ದಲಿ ಎಂದು. ಈ ಕೊನೆಯ ಬಗೆಯವುಗಳಲ್ಲಿ ಹೆಚ್ಚಿನವು ಯುದ್ಧ ಮುಗಿದ ಮೇಲೆ ತಲುಪಿದವಂತೆ. ಕಂದಕವನ್ನು ಕಂಡುಬಂದ ಕೆಲವನ್ನು ಸಂಗ್ರಹಕಾರರು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಹೀಗೆ ಕೊಂಡ ಚಾಕುಗಳನ್ನೆಲ್ಲ ಅವನು ಹಾಲ್‌ನ ಕ್ಲಾಸೆಟ್ಟಿನ ಮೇಲಿನ ಸೂಟ್‌ಕೇಸಿನಲ್ಲಿ ಬಟ್ಟೆ ಹಾಸಿ ಮಲಗಿಸಿದ್ದ. ಮದುವೆಯಾಗಿ ಮೈಸೂರಿನಿಂದ ಬಂದ ಹೊಸತರಲ್ಲಿ ವತ್ಸಲಾ, "ಇದೇನ್ರೀ, ಕೊಲೆಗಾರರ ಸಾಮಾನು ಮನೇಲಿ ಇಟ್ಕೊಂಡಿದೀರಿ?" ಎಂದು ಹೆದರಿ ಕೇಳಿದ್ದಳು. "ನಿನಗೆ ಅರ್ಥ ಆಗಲ್ಲ ಬಿಡು" ಎಂದಿದ್ದ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ ಹುಡುಗಿ. ಅರ್ಥ ಮಾಡಿಸುವುದಕ್ಕೆ ಅವನಿಗೆ ಐದು ನಿಮಿಷ ಸಾಕಿತ್ತು.

ಗ್ರಬೊವ್ಸ್ಕಿ ಸಿಕ್ಕಿದ್ದು ಚಿಕಾಗೋ ಬಳಿ ಹಳೆ ಆಯುಧಗಳ ಒಂದು ಪ್ರದರ್ಶನದಲ್ಲಿ. ಆ ಸಲ ಅಲ್ಲೇ ಹತ್ತಿರದ ಸ್ಕೋಕಿಯಲ್ಲಿ ವತ್ಸಲಾಳ ಗೆಳತಿ ಸರಳಾಳ ಮನೆಯಲ್ಲಿ ಉಳಿದಿದ್ದರು. ಹೆಂಗಸರಿಬ್ಬರನ್ನು ಮನೆಯಲ್ಲಿ ಬಿಟ್ಟು ದ್ವಾರಕಾನಾಥ ಒಬ್ಬನೇ ಸೂಟು ಹಾಕಿಕೊಂಡು ಹೋಗಿದ್ದ. ಅವನು ಬಗ್ಗಿದ ಕೂಡಲೇ ಮೇಜಿನ ಹಿಂದಿದ್ದವನು ಚಾಕುಗಳ ಟ್ರೇಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಪಕ್ಕದಲ್ಲಿದ್ದ ಬಿಳಿಯನಿಗೆ, ಅವನು ಕೇಳದಿದ್ದರೂ, ಒಂದನ್ನು ತೆಗೆದು ಕೊಟ್ಟ. ದ್ವಾರಕಾನಾಥ ನಕ್ಕ. ಅವಮಾನವಾದಾಗೆಲ್ಲ ನಗುವುದು ಅವನಿಗೆ ಆ ವೇಳೆಗೆ ರೂಢಿಯಾಗಿತ್ತು. ಹಿಂದಿನಿಂದ ಒಂದು ಮುದಿ ಕೈ ಅವನ ಭುಜದ ಮೇಲಿಂದ ಚಾಚಿ ಬಂದು ಟ್ರೇಯಲ್ಲಿದ್ದುದರಲ್ಲೇ ಒಳ್ಳೆಯದನ್ನು ಎತ್ತಿ ಅವನ ಅಂಗೈಯಲ್ಲಿಟ್ಟಿತು. "ನೋಡು" ಎಂದ ಗ್ರಬೊವ್ಸ್ಕಿ. ಅಷ್ಟೇ. ಆ ಒಂದು ಮಾತಿಗೆ ದ್ವಾರಕಾನಾಥ ಮೂರು ವರ್ಷ, ಎರಡು ವಾರಕ್ಕೊಮ್ಮೆ ಹ್ಯಾಮ್‌ಟ್ರಾಮಿಕ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಮುದುಕನ ಅಡುಗೆಮನೆಯಲ್ಲಿ ಕೂತು ನೀರುಕಾಫಿ ಕುಡಿದಿದ್ದ. ಮೊದಲ ಯುದ್ಧಕ್ಕೆ ಸಿಪಾಯಿಯಾಗಿ ಹೋಗಿಬಂದ, ಕಾರು ಕಾರ್ಖಾನೆಯಿಂದ ನಿವೃತ್ತನಾದ, ಹೆಂಡತಿ ಸತ್ತ, ಮಾತು ಕಮ್ಮಿಯ ಪೋಲಿಷ್ ಮುದುಕ. ದ್ವಾರಕಾನಾಥನನ್ನು ಡಾಕ್, ಅಂದರೆ ಡಾಕ್ಟರ್, ಎಂದು ಕರೆಯುತ್ತಿದ್ದ. ಈ ದೇಶದಲ್ಲಿ ನಿನಗೆ ಸ್ನೇಹಿತರು ಯಾರು ಎಂದು ಯಾರಾದರೂ ಕೇಳಿದರೆ ಹೇಳಲು ಅವನಿಗೆ ಇದ್ದದ್ದು ಈ ಒಂದೇ ಹೆಸರು. ಮುದುಕ ತನ್ನ ಬಳೆಹಿಡಿಯ ಚಾಕುವನ್ನು ಯಾರಿಗೂ ಕೊಡುತ್ತಿರಲಿಲ್ಲ. ಎಲ್ಲಿ ಸಿಕ್ಕಿತು, ಕಂದಕದಲ್ಲಿ ಇದು ನಿಮ್ಮ ಕೈಯಲ್ಲಿತ್ತಾ ಎಂದು ಎಷ್ಟು ಸಲ ಕೇಳಿದರೂ "ಫ್ರಾನ್ಸಿನಲ್ಲಿ" ಎಂದು ಹೇಳಿ ಕಾಫಿ ಬಗ್ಗಿಸುತ್ತಿದ್ದ. ಹೋದ ವಾರ ಫೋಟೋಗೆಂದು ಕೇಳಿದಾಗ, ಅದೇನನ್ನಿಸಿತೋ, ಇಲ್ಲವೆನ್ನದೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟು, "ಜೋಪಾನ, ಡಾಕ್" ಎಂದಿದ್ದ.

ಜೋಪಾನ. ಅವನು ಹತ್ತಿಯ ಗ್ಲೌಸ್ ಹಾಕಿಕೊಳ್ಳದೆ ಅದನ್ನು ಮುಟ್ಟಿರಲಿಲ್ಲ. ಶುಕ್ರವಾರ ಸಂಜೆ ಲ್ಯಾಬಿನಿಂದ ಮನೆಗೆ ಬಂದಾಗ ಒಗ್ಗರಣೆಯ ವಾಸನೆ, ಊದುಬತ್ತಿಯ ಹೊಗೆ. ಹಾಲ್‌ನಲ್ಲಿ ಹೊಲಿಗೆ ಮಿಷನ್ನು, ಟೈಪ್‌ರೈಟರು, ಇಸ್ತ್ರಿಪೆಟ್ಟಿಗೆ, ಅವನ ಸ್ಲೈಡ್ ರೂಲು, ಎಲ್ಲಕ್ಕೂ ಗಂಧ ಕುಂಕುಮ, ಒಂದೊಂದು ಸೇವಂತಿಗೆ. ನಡುವೆ ಮಣೆಯ ಮೇಲೆ ಅವನ ಚಾಕುಗಳೆಲ್ಲ ಸಾಲಾಗಿ ಕೂತಿದ್ದವು. ಮರದ ಹಿಡಿ, ತೊಗಲಿನ ಹಿಡಿಯವನ್ನು ಅವಳು ಬರೀ ಒರೆಸಿ ಕುಂಕುಮ ಇಟ್ಟಿದ್ದಳು. ಲೋಹದ ಹಿಡಿ ಇದ್ದದ್ದು ಒಂದಕ್ಕೇ. "ನಿಮ್ಮ ಸ್ನೇಹಿತರದ್ದು ಅಂತ ಹುಷಾರಾಗಿ ಬೆಳಗಿದೀನಿ ರೀ. ಎಷ್ಟು ಕಿಲುಬು ಹಿಡಿದಿತ್ತು ಗೊತ್ತಾ! ಸರಳಾ ಕೊಟ್ಟ ಹುಣಸೆಹಣ್ಣು ಅಷ್ಟೂ ಇದಕ್ಕೇ ಆಯ್ತು. ಅಕ್ಷರದ ಸಂದಿಗೆ ಹೇರ್‌ಪಿನ್ ಹಾಕಿ ತೆಗೆದೆ, ನೋಡಿ ಇಲ್ಲಿ" ಎಂದು ಬೆರಳು ತೋರಿಸಿದಳು. ಯು.ಎಸ್. 1918 ಎಂಬ ಅಕ್ಷರಗಳು ಬಂಗಾರದ ಹಾಗೆ ಮಿಂಚುತ್ತಿದ್ದವು. ಅವಳ ಬೆರಳ ತುದಿಗಳು ಉಪ್ಪು ಹುಳಿ ತಿಂದು ಬೆಳ್ಳಗೆ ಸುಕ್ಕಾಗಿದ್ದವು. ಅವನಿಗೆ ಮೊದಲು ಬಾಯಿಗೆ ಬಂದದ್ದು, ಅದು ಹಿತ್ತಾಳೆಯಲ್ಲ, ಕಂಚು, ಎಂಬ ಮಾತು. ಪುಣ್ಯಕ್ಕೆ ಅದನ್ನು ನುಂಗಿಕೊಂಡ. ಮೂರು ವರ್ಷದಲ್ಲಿ ಅವಳು ಇವನ ಹುಚ್ಚಿನ ಹತ್ತಿರಕ್ಕೆ ಬಂದದ್ದು ಇದೇ ಮೊದಲು. ಇಡೀ ದಿನ ಕಿಟಕಿಯ ಹೊರಗಿನ ಪಾರ್ಕಿಂಗ್ ಲಾಟ್ ನೋಡುತ್ತ ಕೂರುವವಳು ಹಬ್ಬದ ಬೆಳಿಗ್ಗೆಯನ್ನೆಲ್ಲ ಸಿಂಕಿನ ಮುಂದೆ ನಿಂತು ಇವನಿಗಾಗಿ ತಿಕ್ಕಿದ್ದಳು. "ಚೆನ್ನಾಗಿದೆ" ಎಂದ. "ಬರೀ ಚೆನ್ನಾಗಿದೆ ಅಷ್ಟೇನಾ?" ಎಂದು ಅವಳು ಸುಳ್ಳು ಮುನಿಸು ತೋರಿಸಿದಾಗ, "ತುಂಬಾ ಚೆನ್ನಾಗಿದೆ" ಎಂದ. ಆಮೇಲೆ ಕೂತು ಒಬ್ಬಟ್ಟು ತಿಂದ. ಬೇಡವೆನ್ನಲಾರದೆ ಎರಡನೆಯ ಸಲವೂ ಹಾಕಿಸಿಕೊಂಡ.

ನಿನ್ನೆ ಶನಿವಾರ, ವಿಜಯದಶಮಿ, ಪೂಜೆ ಮುಗಿದು ಅವಳು ಆಯುಧಗಳನ್ನು ಮಣೆಯಿಂದ ತೆಗೆಯುವವರೆಗೂ ಅವನು ಅದನ್ನೇ ಯೋಚಿಸುತ್ತಿದ್ದ. ಲ್ಯಾಬಿಗೆ ಒಯ್ದರೆ ಗಂಧಕದ ದ್ರಾವಣದಲ್ಲಿ ಅದ್ದಿ ಒಂದು ಗಂಟೆಯಲ್ಲಿ ಮತ್ತೆ ಕಪ್ಪು ಮಾಡಬಹುದು. ಅವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಡೆಟ್ರಾಯಿಟಿನಲ್ಲಿ ಕಮ್ಮಿ. ಆದರೆ ಅದು ಕಳ್ಳ ಕಪ್ಪು. ಮುದುಕನಿಗೆ ಗೊತ್ತಾಗದಿದ್ದರೂ ತನಗೆ ಗೊತ್ತಿರುತ್ತದಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು. ಏನು ಪ್ರಾಮಾಣಿಕತೆ! ಹೆಂಡತಿಗೆ ಒಂದು ಮಾತು ಹೇಳಲು ಧೈರ್ಯವಿಲ್ಲದವನ ಪ್ರಾಮಾಣಿಕತೆ.

ಡೇವಿಸನ್ ರಸ್ತೆಯಿಂದ ಇಳಿದು, ಚರ್ಚಿನಿಂದ ಹೊರಬರುತ್ತಿದ್ದ ಜನರನ್ನು ದಾಟಿ, ಗ್ರಬೊವ್ಸ್ಕಿಯ ಮನೆಯ ಮುಂದೆ ಕಾರು ನಿಲ್ಲಿಸುವವರೆಗೂ ಅವನ ನಾಲಿಗೆ ಹೊರಳಲಿಲ್ಲ. ಮುದುಕ ಆಗಲೇ ಬಾಗಿಲು ತೆರೆದು ನಿಂತಿದ್ದ. ವತ್ಸಲಾಳನ್ನು ಕಂಡು, ಹೆಂಡತಿ ಸತ್ತ ಮೇಲೆ ಬಹುಶಃ ತೊಡದ ಬಿಳಿ ಶರ್ಟಿನ ಕಾಲರು ಸರಿಮಾಡಿಕೊಂಡ. "ಅಂತೂ ಕರ್ಕೊಂಡು ಬಂದೆಯಲ್ಲ, ಡಾಕ್" ಎಂದು ನಕ್ಕ. ಅಡುಗೆಮನೆಯ ಮೇಜಿನ ಮೇಲೆ ಗಸಗಸೆ ಹಾಕಿದ ರೊಟ್ಟಿ ಕತ್ತರಿಸಿಟ್ಟಿದ್ದ, ಮೂರು ಕಾಫಿ ಕಪ್ ಜೋಡಿಸಿದ್ದ. ವತ್ಸಲಾ ಒಬ್ಬಟ್ಟಿನ ಡಬ್ಬಿ ಕೊಟ್ಟಳು. ಆಮೇಲೆ ಎರಡು ಕೈಯಲ್ಲಿ, ತಾಂಬೂಲ ಕೊಡುವ ಹಾಗೆ, ರವಿಕೆ ಕಣದ ಪೊಟ್ಟಣ ಕೊಟ್ಟು ಮುದುಕನ ಮುಖವನ್ನೇ ನೋಡುತ್ತ ನಿಂತಳು. ದ್ವಾರಕಾನಾಥ ಮೇಜಿನ ಹೂವಿನ ಚಿತ್ರದ ಹಾಸನ್ನು ನೋಡಿದ.

ಬಟ್ಟೆ ಬಿಚ್ಚಿದ ಸದ್ದು ಕೇಳಿಸಿತು. ತಲೆ ಎತ್ತಿದಾಗ ಗ್ರಬೊವ್ಸ್ಕಿ ಕನ್ನಡಕ ತೆಗೆದು ಒರೆಸುತ್ತಿದ್ದ. ಹಾಕಿಕೊಂಡು ಮತ್ತೆ ನೋಡಿದ. ಕೈ ಹಾಕಲಿಲ್ಲ, ಬಟ್ಟೆಯ ಅಂಚು ಹಿಡಿದು ಅಷ್ಟೇ ಅತ್ತಿತ್ತ ಹೊರಳಿಸಿದ. "ಇದು ನನ್ನದಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಸ ಎರಕ ಇದು, ಡಾಕ್. ಈಗೀಗ ಹೀಗೆ ಮಾಡಿ ಮಾರ್ತಾರೆ, ನೀನೇ ನೋಡಿದೀಯಲ್ಲ." ಹುಡುಕಿ ಹುಡುಕಿ, ಸ್ನೇಹಿತನಿಗೆಂದು ಒಂದು ದಾರಿ ತೆರೆದುಕೊಟ್ಟ. "ನಿನ್ನ ಲ್ಯಾಬಿನಲ್ಲಿ ಯಾರಾದರೂ ಬದಲಾಯಿಸಿಬಿಟ್ಟರಾ?"

ಇಲ್ಲ, ಇದು ನಿಮ್ಮದೇ, ನಮ್ಮಲ್ಲಿ ವರ್ಷಕ್ಕೊಂದು ಸಲ ಆಯುಧಗಳನ್ನು ತೊಳೆದು ಪೂಜೆ ಮಾಡುತ್ತೇವೆ, ಕುಂಕುಮ ಇಡುತ್ತೇವೆ. ಇಂಗ್ಲಿಷಿನಲ್ಲಿ ಆ ವಾಕ್ಯ ಪೂರ್ತಿಯಾಗಿ ಅವನ ತಲೆಯೊಳಗೆ ತಯಾರಾಗಿ ನಿಂತಿತ್ತು. ಅದನ್ನು ತಾನೇ ಒಂದು ಸಲ ಕೇಳಿಸಿಕೊಂಡ. ಆ ಪ್ರದರ್ಶನದಲ್ಲಿ ಟ್ರೇ ಎಳೆದುಕೊಂಡವನು ಎಲ್ಲೋ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಎನ್ನಿಸಿತು. ಮನುಷ್ಯರ ಹೊಟ್ಟೆಗೆ ಹಾಕಲು ಮಾಡಿದ ಚಾಕುವಿಗೆ ಹೂವಿಟ್ಟು ಕೈಮುಗಿಯುವ ಜನ. ಏಳು ವರ್ಷದಿಂದ ಸೂಟು ಹಾಕಿ, ಟೈ ಕಟ್ಟಿ, ಉಗುರು ಚೊಕ್ಕಟವಾಗಿ ಇಟ್ಟುಕೊಂಡು ಸಂಪಾದಿಸಿದ ಡಾಕ್ ಎಂಬ ಹೆಸರು ಒಂದು ಹಿಡಿ ಹುಣಸೆಹಣ್ಣಿನಲ್ಲಿ ಕರಗಿಹೋಗುತ್ತದೆ ಎಂದು ಅವನಿಗೆ ನಿಜವಾಗಿ ಭಯವಾಯಿತು. ಭಯವೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"ಇರಬಹುದು" ಎಂದ ದ್ವಾರಕಾನಾಥ. "ಲ್ಯಾಬಿನಲ್ಲಿ ಒಂದು ದಿನ ಇಟ್ಟಿದ್ದೆ. ಯಾರೋ ಬದಲಾಯಿಸಿರಬೇಕು. ವಿಚಾರಿಸ್ತೀನಿ."

ವತ್ಸಲಾ ಅವನ ಕಡೆ ತಿರುಗಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ, ಆದರೆ ಆ ಕ್ಷಣ ಬರದಿದ್ದರೆ ಒಳ್ಳೆಯದಿತ್ತು ಎಂದುಕೊಂಡ. ಅವಳ ಮುಖದಲ್ಲಿ ಒಂದಾದ ಮೇಲೊಂದು ತಿಳಿಯುತ್ತ ಹೋದದ್ದು ಅವನಿಗೆ ಕಾಣಿಸಿತು. ಚಾಕು ಕೆಟ್ಟಿದೆ, ಕೆಡಿಸಿದ್ದು ತಾನು, ಗಂಡನಿಗೆ ಇದು ಶುಕ್ರವಾರವೇ ಗೊತ್ತಿತ್ತು. ಕಿವಿಯವರೆಗೂ ಕೆಂಪಾಗಿ, ಕೋಟಿನ ತೋಳಿನೊಳಗೆ ಬೆರಳುಗಳನ್ನು ಎಳೆದುಕೊಂಡಳು. ಮುದುಕ ರವಿಕೆ ಕಣವನ್ನು ಮಡಿಚಿ, ಚಾಕುವನ್ನು ಹಾಗೇ ಸುತ್ತಿ ಅವನ ಕಡೆ ತಳ್ಳಿದ. "ಇದನ್ನ ತಗೊಂಡು ಹೋಗು. ನನ್ನದು ಹುಡುಕು, ಡಾಕ್. ನಾನು ಬೇರೆ ಏನೂ ಕೇಳಲ್ಲ." ಕಾಫಿ ಬಗ್ಗಿಸಿದ. ಮೂವರೂ ರೊಟ್ಟಿ ಮುಟ್ಟಲಿಲ್ಲ.

ಕಾರು ಎರಡು ಬ್ಲಾಕ್ ದಾಟಿತು. ಆಮೇಲೆ ಅವಳು, "ವಾಪಸ್ ತಿರುಗಿಸಿ" ಎಂದಳು.

"ಈಗ ಬೇಡ ವತ್ಸಲಾ. ಅದು ಹಾಗಲ್ಲ, ನಿನಗೆ..."

"ಅರ್ಥ ಆಗಲ್ಲ ಅಂತೀರಾ? ಅವರ ಚಾಕು ಅವರ ಮುಂದೇ ಇಟ್ಟು ಕಳ್ಳತನ ಆಗಿದೆ ಅಂದ್ರಲ್ಲ ರೀ, ಇದರಲ್ಲಿ ಅರ್ಥ ಆಗೋಕೇನಿದೆ? ಇನ್ನು ಆ ಮನುಷ್ಯ ಸಾಯೋ ತನಕ ಹುಡುಕ್ತಾ ಇರ್ತಾರೆ. ನಮ್ಮನೇಲಿರತ್ತೆ ಅದು!"

"ನಾನು ನಿನ್ನನ್ನ ಕಾಪಾಡೋಕೆ..."

"ನನ್ನನ್ನಾ?" ಎಂದು ಅವಳು ನಗಲು ಹೋದಳು, ನಗು ಬರಲಿಲ್ಲ. "ನನಗೆ ಬೈದಿದ್ರೆ ಶುಕ್ರವಾರ ಒಂದು ದಿನ ಅಳ್ತಿದ್ದೆ, ಆಗೋಗ್ತಿತ್ತು."

ಕೆಂಪು ದೀಪಕ್ಕೆ ಕಾರು ನಿಂತಿತು. ಅವಳು ಪೊಟ್ಟಣ ಎತ್ತಿಕೊಂಡು, ಬಾಗಿಲು ತೆಗೆದು ಇಳಿದೇಬಿಟ್ಟಳು. ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ದೊಗಲೆ ಕೋಟಿನಲ್ಲಿ, ಸಾಸೇಜು ಮಾರುವ ಅಂಗಡಿಗಳ ಮುಂದೆ ಬಂದ ದಾರಿಯಲ್ಲೇ ನಡೆದು ಹೋದಳು. ಈ ದೇಶದಲ್ಲಿ ಅವಳು ಒಬ್ಬಳೇ ಎಲ್ಲಿಗಾದರೂ ಹೋದದ್ದನ್ನು ಅವನು ನೋಡಿರಲಿಲ್ಲ. ದೀಪ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರು. ಮುಂದಕ್ಕೆ ಹೋದ. ಎಡಕ್ಕೆ ತಿರುಗಿದರೆ ಒನ್‌ವೇ, ಮುಂದಿನದೂ ಒನ್‌ವೇ, ಹಾಳಾದ್ದು ಒಂದು ರಸ್ತೆಯೂ ಹಿಂದಕ್ಕೆ ಬಿಡಲಿಲ್ಲ. ಸುತ್ತಿ ಬಳಸಿ ಅವನು ಗ್ರಬೊವ್ಸ್ಕಿಯ ಬೀದಿಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಅವಳು ಒಳಗಿರಬೇಕು. ಎದುರುಗಡೆ ಕಾರು ನಿಲ್ಲಿಸಿದ.

ಇಳಿದು ಹೋಗಬೇಕು. ಹೋಗಿ, ಸುಳ್ಳು ಹೇಳಿದೆ, ಕ್ಷಮಿಸಿ, ಎನ್ನಬೇಕು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟ. ಮೊದಲು ಅವಳು ಹೇಳಿ ಮುಗಿಸಲಿ ಎನ್ನಿಸಿತು. ಆಮೇಲೆ, ಈಗ ಹೋದರೆ ಇಬ್ಬರೂ ಒಟ್ಟಿಗೆ ತಿರುಗಿ ನೋಡುತ್ತಾರೆ ಎನ್ನಿಸಿತು. ಆ ಎರಡು ಮುಖಗಳನ್ನು ಒಟ್ಟಿಗೆ ನೋಡುವುದು ತನ್ನಿಂದಾಗದು ಎಂದು ತಿಳಿದು ಕೈ ತೆಗೆದ. ಪಕ್ಕದ ಮನೆಯವನೊಬ್ಬ ಎಲೆ ಗುಡಿಸುತ್ತಿದ್ದವನು ನಿಂತು ಕಾರನ್ನೂ ಒಳಗಿದ್ದವನನ್ನೂ ನೋಡಿದ. ದ್ವಾರಕಾನಾಥ ಅವನಿಗೆ ನಕ್ಕು ಕೈ ಎತ್ತಿದ. ಅವನು ಎತ್ತಲಿಲ್ಲ. ಎಂಜಿನ್ ಆರಿಸಿದ ಕಾರು ನಿಧಾನಕ್ಕೆ ತಣ್ಣಗಾಯಿತು. ಒಳಗೆ ಏನು ನಡೆಯುತ್ತಿದೆ ಎಂದು ಊಹಿಸಲು ನೋಡಿದ, ಮುದುಕನ ದನಿಯೇ ಅವನಿಗೆ ನೆನಪಿಗೆ ಬರಲೊಲ್ಲದು. ಮೂರು ವರ್ಷದ ಕಾಫಿಯಲ್ಲಿ ಮಾತಾಡಿದ್ದೆಲ್ಲ ತಾನೇ ಎಂದು ಹೊಳೆದು ನಾಚಿಕೆಯಾಯಿತು.

ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಗ್ರಬೊವ್ಸ್ಕಿ ಮೆಟ್ಟಿಲವರೆಗೆ ಬಂದು ವತ್ಸಲಾಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ. ಅವಳು ತಲೆಯಾಡಿಸಿದಳು. ಕಾರು ಅವನ ಕಣ್ಣೆದುರಿಗೇ ಇತ್ತು. ಅವನು ಈ ಕಡೆ ನೋಡಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಬರಿಗೈಯಲ್ಲಿ ರಸ್ತೆ ದಾಟಿ ಬಂದು ಕೂತಳು. ಅತ್ತಿದ್ದಳೆಂದು ಕಣ್ಣು ಹೇಳುತ್ತಿತ್ತು.

"ನಂಬಿದ್ರಾ?" ಎಂದು ಕೇಳಿದ.

"ಕಣ್ಣು ಮುಚ್ಕೊಂಡು ಬೆರಳು ತೂರಿಸಿ ನೋಡಿ ಅಂದೆ. ತೂರಿಸಿದ ಕೂಡಲೇ ಗೊತ್ತಾಯ್ತು ಅವರಿಗೆ." ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, "ತೊಳೆದಾಗ ನೀರು ಯಾವ ಬಣ್ಣ ಬಂತು ಅಂತ ಕೇಳಿದ್ರು. ಕಪ್ಪು ಅಂದೆ. ಬರೀ ಕಪ್ಪಾ, ಕೆಂಪು ಏನೂ ಇರ್ಲಿಲ್ವಾ ಅಂದ್ರು. ಇಲ್ಲ, ಬರೀ ಕಪ್ಪು ಅಂದೆ. ಆಮೇಲೆ ತುಂಬಾ ಹೊತ್ತು ಅತ್ತರು."

"ಯಾಕೆ? ಯಾಕೆ ಹಾಗೆ ಕೇಳಿದ್ರು?"

ವತ್ಸಲಾ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಯಾಕೆ ಅಂತ ನಿಮಗೆ ಯಾವತ್ತೂ ಹೇಳಿರ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ನಾನು ಹೇಳೋದು ಸರಿಯಾಗಲ್ಲ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅವನಿಗೆ ಕೋಪವಾದರೂ ಇರಬಾರದಿತ್ತೇ ಎನ್ನಿಸಿತು.

"ನನ್ನ ವಿಷಯ ಏನಂದ್ರು?" ಎಂದು ಕೊನೆಗೂ ಕೇಳಿದ.

ಅವಳು ಕೋಟಿನ ಗುಂಡಿ ಹಾಕಿಕೊಂಡಳು.

"ಏನೂ ಕೇಳಲಿಲ್ಲ ರೀ. ಬರೋ ಭಾನುವಾರ ಬಾ ಅಂದ್ರು, ನನಗೆ. ಬಸ್ಸು ಯಾವುದು ಅಂತ ಹೇಳಿಕೊಟ್ಟಿದಾರೆ."